ಎಳೆಯರ ಬಾಯಿಗೆ ಕೊಡುವ ಹಾಡು: ಶಿಶುವರ್ಗದ ಸಮೂಹಗಾನದ ಆಯ್ಕೆಯನ್ನು ಕುರಿತು ಒಂದು ವಿಮರ್ಶೆ

ಸಭೆಯ ಆರಾಧನೆಯಲ್ಲಿ ಹಾಡಲಾಗುವ ಗೀತೆಗಳನ್ನು ಕುರಿತು ನಮ್ಮಲ್ಲಿ ಆಗಾಗ ಚರ್ಚೆ ನಡೆಯುವುದುಂಟು. ಹಳೆಯ ಸಂಗೀತ ಪುಸ್ತಕದ ಭಾಷಾಂತರ ಗೀತೆಗಳು ಉಳಿಯಬೇಕೇ, ದೇಶೀಯ ರಾಗತಾಳಗಳ ಭಜನೆಗಳಿಗೆ ಎಷ್ಟು ಸ್ಥಳ ದೊರೆಯಬೇಕು, ಇತ್ತೀಚಿನ ಸ್ತುತಿಗೀತೆಗಳಲ್ಲಿ ಬೋಧನೆಯ ತಿರುಳೆಷ್ಟು ಎಂಬ ಪ್ರಶ್ನೆಗಳನ್ನು ಸಭಾಪಾಲಕರೂ ದೈವಶಾಸ್ತ್ರದ ವಿದ್ಯಾರ್ಥಿಗಳೂ ಎತ್ತುತ್ತಾರೆ. ಆದರೆ ಮೂರರಿಂದ ಐದು ವರ್ಷದ ಮಕ್ಕಳು ಸಂಡೇ ಸ್ಕೂಲಿನ ಶಿಶುವರ್ಗದಲ್ಲಿ, ಬೇಸಗೆಯ ರಜಾಕಾಲದ ಬೈಬಲ್ ಶಾಲೆಯಲ್ಲಿ, ಸಭೆಗಳ ಆಶ್ರಯದ ಶಿಶುವಿಹಾರಗಳಲ್ಲಿ ಕೂಡಿ ಹಾಡುವ ಹಾಡುಗಳು ಈ ವಿಚಾರಣೆಯ ಹೊರಗೇ ಉಳಿದುಬಿಡುತ್ತವೆ. ರಾಗ ಸುಲಭವಾಗಿದ್ದು ಕೈಕಾಲು ಆಡಿಸಲು ಅನುವಿದ್ದರೆ ಸಾಕು, ಮಕ್ಕಳ ಹಾಡಿಗೆ ಅದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಡ ಎಂಬ ಭಾವನೆ ಬೇರೂರಿದೆ.

ಈ ಭಾವನೆಯನ್ನು ನಾವು ಒಪ್ಪಲಾರೆವು. ವಯಸ್ಕನು ತನ್ನ ಮನಸ್ಸಾಕ್ಷಿಗೆ ಒಪ್ಪದ ಚರಣ ಬಂದಾಗ ಬಾಯಿ ಮುಚ್ಚಿ ನಿಲ್ಲಬಲ್ಲನು. ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ಕೊಟ್ಟ ಮಾತನ್ನು ಅದು ಸಂಪೂರ್ಣ ನಂಬಿಕೆಯಿಂದ ತನ್ನದಾಗಿಸಿಕೊಂಡು ಹಾಡುತ್ತದೆ. ಪ್ರಸಂಗ ಅರ್ಥವಾಗುವುದಕ್ಕೂ ವಿಶ್ವಾಸಪ್ರಮಾಣ ಬಾಯಿಪಾಠವಾಗುವುದಕ್ಕೂ ಮುಂಚೆಯೇ, ದೇವರು ಎಂಥವನು, ತಾನು ಆತನಿಗೆ ಏನಾಗಬೇಕು, ನೆರೆಯವನು ಯಾರು ಎಂಬುದನ್ನು ಹಾಡು ಅದಕ್ಕೆ ಹೇಳಿರುತ್ತದೆ. ನಿರಾಕರಿಸಲಾರದವರ ಬಾಯಿಗೆ ಇಡುವ ಮಾತಿಗೆ ಇಡುವವರೇ ಹೊಣೆ. ಆದುದರಿಂದ ಸಭೆಯ ಗೀತೆಗಳಲ್ಲೆಲ್ಲ ಅತ್ಯಂತ ಕಟ್ಟುನಿಟ್ಟಾದ ಪರಿಶೀಲನೆಗೆ ಒಳಗಾಗಬೇಕಾದವು ಶಿಶುವರ್ಗದ ಹಾಡುಗಳೇ ಎಂಬುದು ನಮ್ಮ ಅಭಿಮತ.

ಇದಕ್ಕೆ ಶಾಸ್ತ್ರಾಧಾರವೂ ಇದೆ. ಧರ್ಮೋಪದೇಶಕಾಂಡದ 31ನೆಯ ಅಧ್ಯಾಯದಲ್ಲಿ ಮೋಶೆಯ ಮರಣ ಸಮೀಪಿಸಿದಾಗ ದೇವರು ಅವನಿಗೆ ಒಂದು ಹಾಡನ್ನು ಬರೆದು ಇಸ್ರಾಯೇಲ್ಯರಿಗೆ ಕಲಿಸಿ ಅವರ ಬಾಯಲ್ಲಿ ಇಡಬೇಕೆಂದು ಆಜ್ಞಾಪಿಸುತ್ತಾನೆ. ಆ ಜನರು ಒಡಂಬಡಿಕೆಯನ್ನು ಮೀರಿ ಆಪತ್ತಿಗೆ ಸಿಲುಕುವ ಕಾಲದಲ್ಲಿಯೂ ಅವರ ಸಂತತಿಯವರ ಬಾಯಿಂದ ಈ ಹಾಡು ಮರೆತುಹೋಗದೆ ಸಾಕ್ಷಿಯಾಗಿ ನಿಲ್ಲುವುದೆಂಬುದು ಅಲ್ಲಿನ ತಾತ್ಪರ್ಯ. ಬೋಧನೆ ಮರೆತುಹೋದೀತು, ಹಾಡು ಮರೆತುಹೋಗದು ಎಂಬ ಈ ತಿಳಿವಳಿಕೆ ಎಷ್ಟು ಆಶಾದಾಯಕವೋ ಅಷ್ಟೇ ಭಯವನ್ನೂ ಹುಟ್ಟಿಸತಕ್ಕದ್ದು. ಸರಿಯಾದ ಹಾಡು ಮರೆತುಹೋಗದಂತೆ ತಪ್ಪಾದ ಹಾಡೂ ಮರೆತುಹೋಗುವುದಿಲ್ಲ.

‘ಆ ವಯಸ್ಸಿಗೆ ಅರ್ಥವೇ ಆಗುವುದಿಲ್ಲವಾದ್ದರಿಂದ ಪದಗಳು ಹೇಗಿದ್ದರೇನು?’ ಎಂದು ಕೆಲವರು ಆಕ್ಷೇಪಿಸಬಹುದು. ಅರ್ಥವಾಗದ ಮಾತು ಅಳಿಸಿಹೋಗುವುದಿಲ್ಲ, ಕಾದು ಕುಳಿತಿರುತ್ತದೆ. ನಾಲ್ಕರ ವಯಸ್ಸಿನಲ್ಲಿ ಕಲಿತದ್ದು ಹದಿನಾಲ್ಕರಲ್ಲಿ ಅರ್ಥ ಕೊಡುತ್ತದೆ, ನಲವತ್ತರಲ್ಲಿ ರೋಗಶಯ್ಯೆಯ ಬಳಿ ನೆನಪಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಪೂರ್ಣವಾಗಿ ಅರ್ಥವಾಗುವ ಮಾತನ್ನಷ್ಟೇ ಕಲಿಸಬೇಕೆನ್ನುವವರೂ ಇದ್ದಾರೆ. ಆ ನಿಯಮವನ್ನು ಪಾಲಿಸಿದರೆ ‘ಹಲ್ಲೆಲೂಯ’ ಎಂಬ ಪದವನ್ನೇ ಕೈಬಿಡಬೇಕಾದೀತು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಮಗು ಬೆಳೆದು ಈ ಮಾತಿನ ಅರ್ಥವನ್ನು ಗ್ರಹಿಸಿದ ದಿನ, ತನಗೆ ಇದನ್ನು ಕಲಿಸಿದ ಸಭೆಗೆ ಅದು ಕೃತಜ್ಞವಾಗಿರುವುದೇ, ಅಥವಾ ಆ ಮಾತನ್ನು ಕಿತ್ತೊಗೆಯಲು ಹೋರಾಡಬೇಕಾಗುವುದೇ?

ಚರಿತ್ರೆಯ ಎಚ್ಚರಿಕೆ

ಮಕ್ಕಳಿಗಾಗಿ ಕ್ರೈಸ್ತ ಗೀತೆಗಳನ್ನು ರಚಿಸಿದ ಇಂಗ್ಲಿಷ್ ಪರಂಪರೆಯ ಚರಿತ್ರೆ ಈ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. ಐಸಾಕ್ ವಾಟ್ಸ್ 1715ರಲ್ಲಿ ಮಕ್ಕಳ ಉಪಯೋಗಕ್ಕೆಂದೇ ಸುಲಭ ಭಾಷೆಯ ದೈವಿಕ ಗೀತೆಗಳ ಸಂಗ್ರಹವನ್ನು ಪ್ರಕಟಿಸಿದರು. ಪದ್ಯರೂಪದಲ್ಲಿ ಕಲಿತದ್ದು ನೆನಪಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆಂಬ ಸಂಗತಿಯನ್ನು ಅವರು ಮುನ್ನುಡಿಯಲ್ಲಿಯೇ ಎತ್ತಿ ಹೇಳಿದರು. ಆದರೆ ಅದೇ ಸಂಗ್ರಹದಲ್ಲಿ, ಸುಳ್ಳು ಹೇಳುವ ಮಗುವಿಗೆ ನರಕಾಗ್ನಿಯನ್ನು ತೋರಿಸಿ ಬೆದರಿಸುವ ಗೀತೆಯೂ ಇದೆ. ತೊಟ್ಟಿಲ ಮಗುವಿಗೆ ಅತಿ ಕೋಮಲವಾದ ಜೋಗುಳವನ್ನು ಬರೆದ ಕವಿಯೇ ಇದನ್ನೂ ಬರೆದರು. ಮಗುವಿನ ನೆನಪಿನ ಶಕ್ತಿಯನ್ನು ಬಲ್ಲವರು ಅದರಲ್ಲಿ ಕೃಪೆಯನ್ನೂ ನೆಡಬಹುದು, ಭೀತಿಯನ್ನೂ ನೆಡಬಹುದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಿಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ ಎಂಬ ಕವಯಿತ್ರಿ 1848ರಲ್ಲಿ ಪ್ರಕಟಿಸಿದ ಶಿಶುಗೀತೆಗಳ ಸಂಗ್ರಹದ ಉದ್ದೇಶ ಇನ್ನೂ ಶ್ಲಾಘನೀಯವಾದದ್ದು. ಅಪೊಸ್ತಲರ ವಿಶ್ವಾಸಪ್ರಮಾಣದ ಒಂದೊಂದು ವಾಕ್ಯಕ್ಕೆ ಒಂದೊಂದು ಗೀತೆಯನ್ನು ಹೊಂದಿಸಿ, ಸೃಷ್ಟಿ, ಮಾನವಾವತಾರ, ಶಿಲುಬೆ ಇವುಗಳನ್ನು ಮಕ್ಕಳ ಕಣ್ಣಿಗೆ ಕಾಣುವ ಚಿತ್ರಗಳನ್ನಾಗಿಸಿದುದು ಆಕೆಯ ಸಾಧನೆ. ಆದರೆ ಸೃಷ್ಟಿಕರ್ತನ ಕುರಿತಾದ ಗೀತೆಯ ಒಂದು ಚರಣದಲ್ಲಿ, ಕೋಟೆಯೊಳಗಿನ ಧನಿಕನನ್ನೂ ಬಾಗಿಲಲ್ಲಿ ನಿಂತ ಬಡವನನ್ನೂ ಆಯಾ ಅಂತಸ್ತಿನಲ್ಲಿ ಇಟ್ಟವನು ದೇವರೇ ಎಂಬ ಭಾವ ಬಂದುಬಿಟ್ಟಿತು. ಪರ್ಸಿ ಡಿಯರ್ಮರ್ 1906ರ ಇಂಗ್ಲಿಷ್ ಗೀತಸಂಗ್ರಹದಲ್ಲಿ ಆ ಚರಣವನ್ನು ಕೈಬಿಟ್ಟರು. ಹುಟ್ಟಿನಿಂದಲೇ ಮೇಲುಕೀಳು ಗೊತ್ತಾಗಿದೆಯೆಂದು ಸಾರುವ ಜಾತಿವ್ಯವಸ್ಥೆಯ ನಡುವೆ ಬಾಳುವ ನಮಗೆ ಆ ಚರಣದ ಅಪಾಯವನ್ನು ವಿವರಿಸಬೇಕಾಗಿಲ್ಲ. ಹೂವು ಹಕ್ಕಿಗಳ ಸಾಲಿನಲ್ಲಿಯೇ ಬಡತನವೂ ದೇವರ ಸೃಷ್ಟಿಯೆಂದು ಹಾಡಿದ ಮಗು, ಬಡತನವನ್ನು ಪ್ರಶ್ನಿಸುವುದು ದೇವರನ್ನು ಪ್ರಶ್ನಿಸಿದಂತೆ ಎಂದು ಭಾವಿಸಿದರೆ ಆಶ್ಚರ್ಯವೇನು? ಗೀತೆಯ ಉಳಿದೆಲ್ಲ ಸೌಂದರ್ಯವೂ ಈ ಒಂದು ಚರಣವನ್ನು ಸಮರ್ಥಿಸಲಾರದು. ಹಾಡನ್ನು ಆಯ್ದುಕೊಳ್ಳುವುದೆಂದರೆ ಚರಣಗಳನ್ನು ಆಯ್ದುಕೊಳ್ಳುವುದೂ ಹೌದು.

ಕ್ರಿಯೆ ಯಾರದು?

ವರ್ತಮಾನದ ಹಾಡುಗಳಿಗೆ ಬರೋಣ. ಒಂದು ಹಾಡಿನ ದೈವಶಾಸ್ತ್ರವನ್ನು ಪರೀಕ್ಷಿಸಲು ವ್ಯಾಕರಣದ ಸರಳ ಪ್ರಶ್ನೆಯೊಂದು ಸಾಕು: ವಾಕ್ಯದ ಕರ್ತೃ ಯಾರು, ಕರ್ಮ ಯಾರು? ಅನಾ ಬಾರ್ಟ್ಲೆಟ್ ವಾರ್ನರ್ ಬರೆದ ‘ಜೀಸಸ್ ಲವ್ಸ್ ಮಿ’ ಎಂಬ ಗೀತೆ 1860ರಲ್ಲಿ ಆಕೆಯ ಸಹೋದರಿಯೊಡನೆ ರಚಿಸಿದ ಕಾದಂಬರಿಯೊಂದರಲ್ಲಿ, ಸಾಯುತ್ತಿರುವ ಬಾಲಕನಿಗೆ ಹೇಳಿದ ಸಾಂತ್ವನದ ಪದ್ಯವಾಗಿ ಕಾಣಿಸಿಕೊಂಡಿತು. 1862ರಲ್ಲಿ ವಿಲಿಯಂ ಬ್ರಾಡ್‌ಬರಿ ಅದಕ್ಕೆ ರಾಗವನ್ನೂ ಪಲ್ಲವಿಯನ್ನೂ ಸೇರಿಸಿದರು. ಆ ಗೀತೆಯಲ್ಲಿ ಪ್ರೀತಿಸುವ ಕ್ರಿಯೆಯ ಕರ್ತೃ ಯೇಸು, ಅದನ್ನು ಹೊಂದುವುದು ಮಗು. ಮಗು ದುರ್ಬಲ, ಆತನು ಬಲಿಷ್ಠನು. ಏನನ್ನೂ ಮಾಡಲಾರದ ರೋಗಿ ಮಗುವೂ ಅದನ್ನು ಸುಳ್ಳಾಗದಂತೆ ಹಾಡಬಹುದು. ಸುಧಾರಣಾ ಪರಂಪರೆ ಕೃಪೆಯೆಂದು ಕರೆದುದರ ಸಾರವೇ ಇದು.

ಇದಕ್ಕೆ ಪ್ರತಿಯಾಗಿ, ಒಳ್ಳೆಯ ಮಕ್ಕಳನ್ನು ಯೇಸು ಪ್ರೀತಿಸುವನು, ಹೇಳಿದ ಮಾತು ಕೇಳುವವರನ್ನು ಮೆಚ್ಚುವನು, ಹಟ ಮಾಡಿದರೆ ಮುಖ ತಿರುಗಿಸುವನು ಎಂಬ ಧಾಟಿಯ ಹಾಡುಗಳು ಶಿಶುವರ್ಗಗಳಲ್ಲಿ ಕೇಳಿಬರುವುದುಂಟು. ತರಗತಿಯ ಶಿಸ್ತಿಗೆ ಇವು ಸಹಾಯಕವೆನಿಸಬಹುದು. ಆದರೆ ಇಲ್ಲಿ ಕರ್ತೃವಿನ ಸ್ಥಾನಕ್ಕೆ ಮಗು ಬಂದಿದೆ. ದೇವರ ಪ್ರೀತಿಯು ಮಗುವಿನ ನಡತೆಗೆ ದೊರೆಯುವ ಕೂಲಿಯಾಗಿದೆ. ಮಾರ್ಕನ 10ನೆಯ ಅಧ್ಯಾಯದಲ್ಲಿ ಯೇಸು ಮಕ್ಕಳನ್ನು ಅಪ್ಪಿಕೊಳ್ಳುವ ಮುನ್ನ ಅವರ ನಡತೆಯನ್ನು ವಿಚಾರಿಸಲಿಲ್ಲ. ಆತನು ಕೋಪಗೊಂಡದ್ದು ಅವರನ್ನು ತಡೆದ ವಯಸ್ಕರ ಮೇಲೆ. ಪ್ರಸಂಗಪೀಠದಿಂದ ಕೃಪೆಯನ್ನು ಸಾರುವ ಸಭೆಯು ಅದೇ ಸಮಯಕ್ಕೆ ಪಕ್ಕದ ಕೋಣೆಯಲ್ಲಿ ಕ್ರಿಯಾಮಾರ್ಗವನ್ನು ಹಾಡಿಸುತ್ತಿದ್ದರೆ, ಇಪ್ಪತ್ತು ವರ್ಷಗಳ ಬಳಿಕ ಉಳಿದಿರುವುದು ಪ್ರಸಂಗವಲ್ಲ, ಹಾಡು.

ನಡತೆಯನ್ನು ಕುರಿತು ಹಾಡಬಾರದೆಂದು ಇದರ ಅರ್ಥವಲ್ಲ. ಜಿ. ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನು ಅರಿಯದ ಕನ್ನಡಿಗರು ವಿರಳ. ಅಲ್ಲಿ ಜಂಬಪಟ್ಟ ಹುಡುಗನಿಗೆ ಆಗುವ ನಷ್ಟ ಇಷ್ಟೇ: ತುತ್ತೂರಿ ನೀರಿಗೆ ಜಾರಿ ದನಿಯನ್ನೂ ಬಣ್ಣವನ್ನೂ ಕಳೆದುಕೊಳ್ಳುತ್ತದೆ. ಗರ್ವದ ಫಲವನ್ನು ಮಗು ನಗುತ್ತಲೇ ಅರಿತುಕೊಳ್ಳುತ್ತದೆ. ದೇವರ ಪ್ರೀತಿಯನ್ನು ಅಡವಿಡದೆ ನೀತಿಯನ್ನು ಕಲಿಸಬಹುದೆಂಬುದಕ್ಕೆ ನಮ್ಮ ಭಾಷೆಯಲ್ಲಿಯೇ ಇರುವ ಮಾದರಿ ಇದು.

ಕಪ್ಪು ಹೃದಯದ ಪ್ರಶ್ನೆ

ಇನ್ನೊಂದು ಬಗೆಯ ಹಾಡುಗಳನ್ನು ಕುರಿತು ನಾವು ಹೆಚ್ಚು ಗಂಭೀರವಾಗಿ ಮಾತಾಡಬೇಕಾಗಿದೆ. 1866ರ ಜನವರಿಯಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪರ್ಜನ್ ಅವರು 51ನೆಯ ಕೀರ್ತನೆಯ ಮೇಲೆ ಮಾಡಿದ ಪ್ರಸಂಗದಲ್ಲಿ, ಕಪ್ಪು, ಕೆಂಪು, ಬಿಳಿ ಎಂಬ ಮೂರು ಪುಟಗಳಷ್ಟೇ ಇದ್ದ ಅಕ್ಷರರಹಿತ ಪುಸ್ತಕವೊಂದನ್ನು ಪ್ರಸ್ತಾಪಿಸಿದರು. ಕಪ್ಪು ಪಾಪ, ಕೆಂಪು ಕ್ರಿಸ್ತನ ರಕ್ತ, ಬಿಳಿ ಶುದ್ಧೀಕರಣ. ಮುಂದೆ ಇತರ ಬಣ್ಣಗಳೂ ಸೇರಿ ಈ ಸಾಧನವು ಮಕ್ಕಳ ಸುವಾರ್ತಾಸೇವೆಯಲ್ಲಿ ಲೋಕದಾದ್ಯಂತ ಹರಡಿತು. ಅದರೊಡನೆ, ಕಪ್ಪಾಗಿದ್ದ ಹೃದಯವು ತೊಳೆಯಲ್ಪಟ್ಟು ಬೆಳ್ಳಗಾಯಿತೆಂಬ ಹಾಡುಗಳೂ ಬಂದವು.

ನಾಲ್ಕು ವರ್ಷದ ಮಗು ರೂಪಕವನ್ನು ಬಿಡಿಸಿ ನೋಡುವುದಿಲ್ಲ. ಕಪ್ಪು ಎಂದೊಡನೆ ಅದು ತನ್ನ ಕೈಯನ್ನು ನೋಡಿಕೊಳ್ಳುತ್ತದೆ, ಪಕ್ಕದ ಮಗುವಿನ ಕೈಯನ್ನು ನೋಡುತ್ತದೆ. ಕಪ್ಪು ಮೈಬಣ್ಣದ ಹೆಣ್ಣುಮಗುವಿನ ಮದುವೆಯ ಚಿಂತೆ ಹುಟ್ಟಿದ ದಿನವೇ ಆರಂಭವಾಗುವ ಸಮಾಜವಿದು. ಬಣ್ಣವನ್ನು ಜಾತಿಯ ಗುರುತಾಗಿ ಎಣಿಸುವವರು ಇನ್ನೂ ಇಲ್ಲಿದ್ದಾರೆ. ನಮ್ಮ ಸಭೆಗಳ ಬಹುಭಾಗ ದಲಿತ ಸಮುದಾಯಗಳಿಂದ ಬಂದವರು. ಹೊರಗಿನ ಲೋಕವು ಯಾವ ಬಣ್ಣವನ್ನು ಹೀನವೆಂದಿತೋ, ಅದೇ ಬಣ್ಣವನ್ನು ಪಾಪದ ಬಣ್ಣವೆಂದು ದೇವರ ಮನೆಯಲ್ಲಿ ಅವರ ಮಕ್ಕಳಿಂದಲೇ ಹಾಡಿಸುವುದು ಕ್ಷಮಾರ್ಹವೇ?

ವ್ಯಾಖ್ಯಾನದ ದೃಷ್ಟಿಯಿಂದಲೂ ಈ ಹಾಡುಗಳಿಗೆ ನೆಲೆ ಗಟ್ಟಿಯಾಗಿಲ್ಲ. 51ನೆಯ ಕೀರ್ತನೆಯಲ್ಲಿ ಹಿಮಕ್ಕಿಂತ ಬೆಳ್ಳಗಾಗುವ ಮಾತಿದೆ, ಆದರೆ ಪಾಪಕ್ಕೆ ಬಣ್ಣವನ್ನು ಹೇಳಿಲ್ಲ. ಯೆಶಾಯನ 1:18ರಲ್ಲಿ ಪಾಪದ ಬಣ್ಣ ಹೇಳಲ್ಪಟ್ಟಿದೆ, ಅದು ಕಡುಕೆಂಪು. ಅಲ್ಲಿರುವುದು ಕಲೆ ಹಿಡಿದ ಬಟ್ಟೆಯ ಚಿತ್ರ, ಮೈಬಣ್ಣದ ಮಾತಲ್ಲ. ಪರಮಗೀತದ ಆರಂಭದಲ್ಲಿಯೇ ಕಪ್ಪು ಬಣ್ಣದ ಕನ್ಯೆ ತನ್ನ ಚೆಲುವನ್ನು ತಾನೇ ಸಾರುತ್ತಾಳೆ. 18ನೆಯ ಕೀರ್ತನೆಯಲ್ಲಿ ದೇವರು ಕತ್ತಲನ್ನೂ ಕಾರ್ಮುಗಿಲನ್ನೂ ತನಗೆ ಮರೆಯಾಗಿ ಮಾಡಿಕೊಳ್ಳುತ್ತಾನೆ. ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಮೋಶೆಯು ದೇವರಿದ್ದ ಕಾರ್ಗತ್ತಲನ್ನು ಸಮೀಪಿಸುತ್ತಾನೆ. ನಮ್ಮ ನಾಡಿನ ಅನುಭವವೂ ಇದಕ್ಕೆ ದನಿಗೂಡಿಸುತ್ತದೆ. ಜೋಳ ಹತ್ತಿಗಳನ್ನು ಬೆಳೆಯುವ ಎರೆನೆಲ ಕಪ್ಪು, ಮಳೆ ತರುವ ಮೋಡ ಕಪ್ಪು, ಕರುನಾಡು ಎಂಬ ಹೆಸರಿಗೆ ಕಪ್ಪು ಮಣ್ಣಿನ ನಾಡೆಂಬ ವಿವರಣೆಯೂ ಉಂಟು. ಪಾಪಕ್ಷಮೆಯನ್ನು ಮಕ್ಕಳಿಗೆ ಹಾಡಿನಲ್ಲಿ ಹೇಳಬೇಕಾದರೆ ಕೆಸರು ಮೆತ್ತಿದ ಕೈಯನ್ನು ತೊಳೆದುಕೊಳ್ಳುವ ಚಿತ್ರ ಸಾಕು. ಕೆಸರು ತೊಳೆದುಹೋಗುತ್ತದೆ, ಕೈಯ ಬಣ್ಣ ದೇವರು ಕೊಟ್ಟಂತೆಯೇ ಉಳಿಯುತ್ತದೆ.

ಬಣ್ಣಗಳನ್ನು ಒಳ್ಳೆಯ ಉದ್ದೇಶದಿಂದ ಹೆಸರಿಸುವ ಹಾಡೂ ಎಡವಬಹುದು. ಲೋಕದ ಎಲ್ಲ ಮಕ್ಕಳನ್ನು ಯೇಸು ಪ್ರೀತಿಸುವನೆಂಬ, ವುಲ್ಸ್‌ಟನ್ ಎಂಬ ಅಮೆರಿಕದ ಬೋಧಕರು ರಚಿಸಿದ ಪ್ರಸಿದ್ಧ ಗೀತೆಯ ಮೂಲಪಾಠದಲ್ಲಿ ನಾಲ್ಕು ಮೈಬಣ್ಣಗಳ ಪಟ್ಟಿಯಿದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಕಂದುಬಣ್ಣ ಅದರಲ್ಲಿಲ್ಲ. ಮುಂದಿನ ಪಾಠಾಂತರಗಳಲ್ಲಿ ಅದನ್ನು ಸೇರಿಸಿದ್ದುಂಟು. ಎಲ್ಲರೂ ಎಂದು ಹಾಡುವ ಗೀತೆಯೇ ಹಾಡುವವರನ್ನು ಹೊರಗಿಟ್ಟರೆ, ಭಾಷಾಂತರಕಾರನ ಕರ್ತವ್ಯ ಪದಗಳನ್ನು ಸಾಗಿಸುವುದರಲ್ಲಿ ಮುಗಿಯುವುದಿಲ್ಲ.

ಯುದ್ಧ ಮತ್ತು ಪ್ರಳಯ

ಸೈನಿಕರಂತೆ ಹೆಜ್ಜೆಹಾಕಿಸುವ ಹಾಡುಗಳು ಮಕ್ಕಳಿಗೆ ಪ್ರಿಯ. ಕ್ರೈಸ್ತರನ್ನು ಮುನ್ನಡೆಯುವ ಯೋಧರೆಂದು ಕರೆಯುವ ಪ್ರಸಿದ್ಧ ಇಂಗ್ಲಿಷ್ ಗೀತೆಯನ್ನು ಸೇಬೈನ್ ಬೇರಿಂಗ್-ಗೂಲ್ಡ್ 1865ರಲ್ಲಿ ಯಾರ್ಕ್‌ಷೈರಿನ ಹಳ್ಳಿಯೊಂದರ ಮಕ್ಕಳ ಮೆರವಣಿಗೆಗೆಂದೇ ಬರೆದರು. ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವು ನಮ್ಮ ಹೋರಾಟ ರಕ್ತಮಾಂಸಗಳುಳ್ಳ ಮನುಷ್ಯರೊಂದಿಗಲ್ಲ ಎಂದು ಸ್ಪಷ್ಟಪಡಿಸಿಯೇ ಆಯುಧಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಮಗುವಿನ ಹಾಡಿನಲ್ಲಿ ಆ ವಿವೇಚನೆ ಬಿಟ್ಟುಹೋಗಿ ಶತ್ರು ಮಾತ್ರ ಉಳಿಯುತ್ತಾನೆ. ಆ ಶತ್ರು ಯಾರು? ಅನ್ಯಧರ್ಮೀಯ ನೆರೆಮನೆಗಳ ನಡುವೆ ಅಲ್ಪಸಂಖ್ಯಾತರಾಗಿ ಬಾಳುವ ನಮ್ಮ ಮಕ್ಕಳು ಅದಕ್ಕೆ ಯಾವ ಮುಖವನ್ನು ಕೊಟ್ಟಾರು? ಯೆರಿಕೋವಿನ ಗೋಡೆಗಳು ಬೀಳುವಾಗ ಚಪ್ಪಾಳೆ ತಟ್ಟಿಸುವ ಮುನ್ನ ನಾವು ಇದನ್ನು ಆಲೋಚಿಸಬೇಕು.

ನೋಹನ ನಾವೆಯ ಹಾಡುಗಳಲ್ಲಿ ಪ್ರಾಣಿಗಳ ಸಾಲು ಮಕ್ಕಳಿಗೆ ಉಲ್ಲಾಸ ಕೊಡುತ್ತದೆ. ಆದರೆ ನೀರು ಏರುವುದನ್ನು ಕುಣಿತದ ವಸ್ತುವಾಗಿಸಿ ಅಲ್ಲಿಗೇ ಮುಗಿಸುವ ಹಾಡು ಆದಿಕಾಂಡದ ಕಥೆಯನ್ನು ಹೇಳಿದಂತಾಗದು. ಅಲ್ಲಿ ದೇವರು ಮೊದಲು ನೊಂದುಕೊಳ್ಳುತ್ತಾನೆ (6:6), ಕೊನೆಗೆ ಸಕಲ ಜೀವಿಗಳೊಡನೆ ಒಡಂಬಡಿಕೆ ಮಾಡಿ ಮುಗಿಲುಬಿಲ್ಲನ್ನು ಗುರುತಾಗಿಡುತ್ತಾನೆ (9:12–17). 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಬೆಟ್ಟಗಳು ಜರಿದು ಮನೆಗಳು ಕೊಚ್ಚಿಹೋದುದನ್ನು ಕಂಡ ನಾಡಿನಲ್ಲಿ, ಮಳೆಬಿಲ್ಲಿನವರೆಗೆ ಮಗುವನ್ನು ಕರೆದೊಯ್ಯದ ನಾವೆಯ ಹಾಡು ಅಪೂರ್ಣವೆಂದೇ ಹೇಳಬೇಕು.

ಒಳ್ಳೆಯ ಆಯ್ಕೆಗೂ ಉದಾಹರಣೆಯುಂಟು. ಲೂಕನ 19ನೆಯ ಅಧ್ಯಾಯದ ಜಕ್ಕಾಯನು ದೊಡ್ಡವರ ಗುಂಪಿನ ಹಿಂದೆ ಏನೂ ಕಾಣದೆ ಮರ ಹತ್ತಿದವನು. ಶಿಶುವರ್ಗದ ಪ್ರತಿಯೊಂದು ಮಗುವಿಗೂ ಇದು ದಿನನಿತ್ಯದ ಅನುಭವ. ಅವನ ಗಿಡ್ಡತನವನ್ನು ನಗೆಯ ವಸ್ತುವಾಗಿಸದೆ, ಯೇಸು ನಿಂತು, ತಲೆಯೆತ್ತಿ ನೋಡಿ, ಹೆಸರು ಹಿಡಿದು ಕರೆದು, ಮನೆಗೆ ಬಂದನೆಂಬಲ್ಲಿಗೆ ಅಭಿನಯವನ್ನು ತಂದು ನಿಲ್ಲಿಸುವ ಹಾಡು ಇಡೀ ಸುವಾರ್ತೆಯನ್ನು ಮಗುವಿನ ಮೈಗೆ ಕಲಿಸುತ್ತದೆ.

ಕನ್ನಡದ ನಾಲಗೆ

ಪದಗಳ ಸತ್ಯದಂತೆ ಭಾಷೆಯ ಸತ್ಯವೂ ಒಂದಿದೆ. ಇಂಗ್ಲಿಷ್ ಗೀತೆಗಳ ಸಾಲು ಅನೇಕ ವೇಳೆ ಒತ್ತಿಲ್ಲದ ಅಕ್ಷರದಿಂದ ಆರಂಭವಾಗುತ್ತದೆ. ಕನ್ನಡದ ಮಾತು ಮೊದಲ ಅಕ್ಷರದಲ್ಲಿಯೇ ನೆಲೆಯೂರುತ್ತದೆ. ಅದೇ ರಾಗಕ್ಕೆ ಕನ್ನಡವನ್ನು ಹೊಂದಿಸುವಾಗ ‘ಓ’, ‘ನಾ’, ‘ನೀ’ ಮೊದಲಾದ ತುಂಬುಪದಗಳು ಸೇರಿಕೊಳ್ಳುತ್ತವೆ, ಹ್ರಸ್ವ ದೀರ್ಘಗಳು ಅದಲುಬದಲಾಗುತ್ತವೆ. ದೀರ್ಘ ಸ್ವರದ ಕೆಳಗೆ ‘ಬಲ’ವನ್ನಿಟ್ಟರೆ ಮಗುವಿನ ಕಿವಿಗೆ ‘ಬಾಲ’ ಬೀಳುತ್ತದೆ, ‘ದಾನ’ವನ್ನು ಮೊಟಕುಗೊಳಿಸಿದರೆ ‘ದನ’ವಾಗುತ್ತದೆ. ಓದಲು ಬಾರದ ಮಗುವಿಗೆ ಕಿವಿಯೇ ಪುಸ್ತಕ. ಅದು ಕೇಳಿದ್ದನ್ನೇ ಕಲಿಯುತ್ತದೆ.

ಇದು ಅನಿವಾರ್ಯವೇನಲ್ಲ. ಫೆರ್ಡಿನೆಂಡ್ ಕಿಟ್ಟೆಲರು 1862ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಪದ್ಯರೀತಿಯಲ್ಲಿ ಹೇಳಿದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಪರದೇಶದಿಂದ ಬಂದ ಮಿಷನರಿಯೊಬ್ಬರಿಗೆ ಕನ್ನಡದ ಛಂದಸ್ಸು ಸುವಾರ್ತೆಗೆ ಯೋಗ್ಯವೆಂದು ತೋರಿತು. ‘ಕವಿಶಿಷ್ಯ’ ಎಂಬ ಹೆಸರಿನಿಂದ ಬರೆದ ಪಂಜೆ ಮಂಗೇಶರಾಯರು (1874–1937) ಇದೇ ಕರಾವಳಿಯ ನೆಲದಲ್ಲಿ ನಿಂತು, ಮಗುವಿನ ನಾಲಗೆಗೆ ಒಗ್ಗುವ ಗತಿಯೆಂಥದೆಂಬುದನ್ನು ‘ಹಾವಿನ ಹಾಡು’ ಮುಂತಾದವುಗಳಲ್ಲಿ ತೋರಿಸಿಕೊಟ್ಟರು. ಮೂರು ನಾಲ್ಕು ಮಾತ್ರೆಗಳ ಗಣ, ಗಿಡ್ಡ ಸಾಲು, ಪ್ರಾಸ, ಮರಳಿ ಮರಳಿ ಬರುವ ಪಲ್ಲವಿ ಇವು ನಮ್ಮ ಶಿಶುಪ್ರಾಸಗಳಲ್ಲಿಯೂ ಜೋಗುಳಗಳಲ್ಲಿಯೂ ಸಿದ್ಧವಾಗಿಯೇ ಇವೆ. ಒಬ್ಬರು ಹೇಳಿ ಎಲ್ಲರೂ ಮರುನುಡಿಯುವ 136ನೆಯ ಕೀರ್ತನೆಯ ರಚನೆ ನಮ್ಮ ಸೊಲ್ಲು ಹಾಡುವ ಪದ್ಧತಿಗೆ ದೂರವಾದದ್ದಲ್ಲ. ಅಲ್ಲದೆ ದೇವರನ್ನು ‘ನೀನು’ ಎಂದು ಕರೆಯುವ ಸಲಿಗೆಯನ್ನು ಕನ್ನಡದ ಭಕ್ತಿಪರಂಪರೆ ನಮಗೆ ದಾನವಾಗಿ ಕೊಟ್ಟಿದೆ. ಮಗು ತಾಯಿಯನ್ನು ಕರೆಯುವುದೂ ಅದೇ ಪದದಿಂದ.

ಭಾಷಾಂತರಗಳನ್ನೆಲ್ಲ ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ಬ್ರಾಡ್‌ಬರಿಯವರ ಮೇಲಿನ ರಾಗವು ಐದೇ ಸ್ವರಗಳಲ್ಲಿದೆ. ಅವು ನಮ್ಮ ಮೋಹನ ರಾಗದ ಸ್ವರಗಳೇ. ಅದು ಇಲ್ಲಿನ ಕಿವಿಗಳಿಗೆ ಪರಕೀಯವೆನಿಸದಿರಲು ಇದೂ ಒಂದು ಕಾರಣವಿರಬಹುದು. ಆದರೆ ಅದರ ಸಂಚಾರ ಒಂದು ಪೂರ್ಣ ಸ್ಥಾಯಿಯಷ್ಟಿದೆ. ಈ ವಯಸ್ಸಿನ ಮಕ್ಕಳ ಕಂಠ ಸಾಮಾನ್ಯವಾಗಿ ಐದಾರು ಸ್ವರಗಳೊಳಗೆ ಮಾತ್ರ ಸಲೀಸಾಗಿ ಸಂಚರಿಸುತ್ತದೆ. ಕಲಿಸುವವರು ತಮ್ಮ ಕಂಠಕ್ಕೆ ಅನುಕೂಲವಾದ ತಗ್ಗಿನ ಶ್ರುತಿಯಲ್ಲಿ ಎತ್ತಿಕೊಂಡರೆ ಮಕ್ಕಳು ಹಾಡಲಾರದೆ ಮಾತಾಡುತ್ತಾರೆ. ವಾದ್ಯದ ಅಬ್ಬರದೊಡನೆ ಪೈಪೋಟಿಗಿಳಿದರೆ ಕಿರಿಚುತ್ತಾರೆ. ಗಟ್ಟಿಯಾಗಿ ಹಾಡಿ ಎಂದು ಹುರಿದುಂಬಿಸುವುದು ಹಾಡನ್ನು ಕಲಿಸಿದಂತಲ್ಲ.

ಕೂಡಿ ಹಾಡುವುದು

ಸಮೂಹಗಾನವೆಂಬುದರ ತಿರುಳು ‘ಸಮೂಹ’ದಲ್ಲಿದೆ. ಕರಾವಳಿಯ ಶಿಶುವರ್ಗದಲ್ಲಿ ತುಳು, ಕೊಂಕಣಿ ಮನೆಮಾತಿನ ಮಕ್ಕಳಿರುತ್ತಾರೆ, ಬೆಂಗಳೂರಿನಲ್ಲಿ ತಮಿಳು, ತೆಲುಗು ಮನೆಮಾತಿನವರು. ಅನೇಕರಿಗೆ ಸಂಡೇ ಸ್ಕೂಲಿನ ಹಾಡೇ ಕನ್ನಡದ ಮೊದಲ ಪದ್ಯ. ಮಾತು ತಡವಾಗಿ ಬಂದ ಮಗು, ಕಿವಿ ಮಂದವಾದ ಮಗು, ತಾಯಿಯ ಸೆರಗು ಬಿಡದ ಮಗು ಸಹ ಅಲ್ಲಿರುತ್ತದೆ. ಪಲ್ಲವಿಯ ಒಂದೇ ಪದಕ್ಕೆ ದನಿಗೂಡಿಸಿದರೂ, ಕೈಸನ್ನೆಯಷ್ಟನ್ನೇ ಮಾಡಿದರೂ, ಸುಮ್ಮನೆ ಕುಳಿತು ಆಲಿಸಿದರೂ ಒಂದು ಮಗು ಹಾಡಿದವರಲ್ಲಿ ಸೇರಿದ್ದೇನೆಂದು ಭಾವಿಸಲು ಎಡೆಯಿರುವ ಹಾಡು ಒಳ್ಳೆಯ ಹಾಡು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯದ ದೇಹದ ದೃಷ್ಟಾಂತವು ಶಿಶುವರ್ಗಕ್ಕೂ ಅನ್ವಯಿಸತಕ್ಕದ್ದೇ.

ಹೀಗಿರುವಾಗ ಐದು ವರ್ಷದೊಳಗಿನವರಿಗೆ ಗಾಯನಸ್ಪರ್ಧೆಗಳನ್ನಿಟ್ಟು ಪ್ರಥಮ, ದ್ವಿತೀಯ ಸ್ಥಾನಗಳನ್ನು ಹಂಚುವುದನ್ನು ನಾವು ಒಪ್ಪಲಾರೆವು. ಕ್ರಿಸ್ಮಸ್ ಕಾರ್ಯಕ್ರಮದ ವೇದಿಕೆಯಲ್ಲಿ ಚುರುಕಾದ ಇಬ್ಬರ ಮುಂದೆ ಧ್ವನಿವರ್ಧಕವನ್ನಿಟ್ಟು ಉಳಿದವರನ್ನು ಹಿಂದಿನ ಸಾಲಿಗೆ ಸರಿಸುವುದೂ ಒಂದು ಬೋಧನೆಯೇ. ದೇವರ ಸನ್ನಿಧಿಯಲ್ಲಿಯೂ ಮುಂದಿನ ಸಾಲು ಹಿಂದಿನ ಸಾಲು ಉಂಟೆಂಬುದನ್ನು ಹಿಂದೆ ನಿಂತ ಮಗು ಬೇಗನೆ ಕಲಿಯುತ್ತದೆ.

ಈ ಕೊರತೆಗಳ ಹೊರೆಯನ್ನು ಸಂಡೇ ಸ್ಕೂಲಿನ ಶಿಕ್ಷಕಿಯರ ಮೇಲೆ ಹೊರಿಸುವುದು ಅನ್ಯಾಯ. ಸಂಬಳವಿಲ್ಲದೆ, ತರಬೇತಿಯಿಲ್ಲದೆ ಅವರು ಕೈಗೆ ಸಿಕ್ಕ ಹಾಡುಗಳಿಂದ ಸೇವೆ ಸಲ್ಲಿಸುತ್ತಾರೆ. ಹೊಣೆ ನಮ್ಮದು, ದೈವಶಾಸ್ತ್ರವನ್ನು ಕಲಿಯುವ ಮತ್ತು ಕಲಿಸುವವರದು. ಕ್ರಿಸ್ತಶಾಸ್ತ್ರವನ್ನು ಬಲ್ಲವರೂ ಛಂದಸ್ಸನ್ನು ಬಲ್ಲವರೂ ಶಿಶುವರ್ಗದ ಶಿಕ್ಷಕಿಯರೊಡನೆ ಒಂದೇ ಮೇಜಿನ ಸುತ್ತ ಕುಳಿತು, ಈಗ ಹಾಡಲಾಗುತ್ತಿರುವುದನ್ನು ಸಾಲು ಸಾಲಾಗಿ ಓದಿ ನೋಡಬೇಕು. ನೂರು ಹಾಡುಗಳು ಬೇಕಾಗಿಲ್ಲ. ಒಂದು ವರ್ಷಕ್ಕೆ ಹನ್ನೆರಡು ಹಾಡುಗಳು, ತಿಂಗಳಿಗೊಂದರಂತೆ, ಮಕ್ಕಳ ಮೈಗೆ ಹತ್ತುವಷ್ಟು ಸಾರಿ ಹಾಡಿದರೆ ಸಾಕು. ಅವುಗಳಲ್ಲಿ ಸಂತೋಷವಷ್ಟೇ ಅಲ್ಲದೆ ಅಳಲಿಗೂ ಸ್ಥಾನವಿರಲಿ, ಏಕೆಂದರೆ ಅಜ್ಜಿಯನ್ನು ಮಣ್ಣುಮಾಡಿ ಬಂದ ಮಗುವೂ ಆ ತರಗತಿಗೆ ಬರುತ್ತದೆ.

ಮತ್ತಾಯನ 21ನೆಯ ಅಧ್ಯಾಯದಲ್ಲಿ ಯೇಸು ಯೆರೂಸಲೇಮನ್ನು ಪ್ರವೇಶಿಸುವಾಗ ದಾರಿಯಲ್ಲಿ ‘ಹೊಸನ್ನ’ ಎಂದು ಕೂಗಿದ್ದು ಜನರ ಗುಂಪು. ದೇವಾಲಯದೊಳಗೆ ಅದೇ ಕೂಗು ಮತ್ತೆ ಕೇಳಿಸಿದಾಗ, ಕೂಗಿದವರು ಹುಡುಗರೆಂದು ಸುವಾರ್ತಿಕನು ಹೇಳುತ್ತಾನೆ. ಆ ಮಾತನ್ನು ಅವರು ತಾವೇ ಕಟ್ಟಲಿಲ್ಲ, ದೊಡ್ಡವರಿಂದ ಕೇಳಿ ಕಲಿತಿರಬೇಕು. ಮಹಾಯಾಜಕರು ಸಿಟ್ಟಾದಾಗ ಯೇಸು ಎಂಟನೆಯ ಕೀರ್ತನೆಯನ್ನು ನೆನಪಿಸಿ ಮಕ್ಕಳ ಪಕ್ಷವನ್ನು ವಹಿಸುತ್ತಾನೆ. ದೊಡ್ಡವರು ದಾರಿಯಲ್ಲಿ ಕಲಿಸಿದ ಮಾತು ಸತ್ಯವಾಗಿತ್ತು, ಆದುದರಿಂದ ಮಕ್ಕಳು ಅದನ್ನು ದೇವಾಲಯದಲ್ಲಿ ನಿರ್ಭಯವಾ​ಗಿ ಹಾಡಬಹುದಾಗಿತ್ತು. ನಮ್ಮ ದಾರಿಯಲ್ಲಿಯೂ ಮಕ್ಕಳು ಜೊತೆಗೆ ನಡೆಯುತ್ತಿದ್ದಾರೆ, ನಾವು ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದಾರೆ.